ಚಳಿಗಾಲದ ಬಾಸ್ ಮೀನುಗಾರಿಕೆ: ಮನೆಯಲ್ಲೇ ಎರಕ ಹೊಯ್ಯುವ ಜಿಗ್, ದೋಣಿಯ ಆರೈಕೆ ಮತ್ತು ಜೀವಕ್ಕೆ ಎರವಾಗುವ ಅರ್ಧಸತ್ಯಗಳು

"ಚಳಿಗಾಲದಲ್ಲಿ ಮೀನು ನಿದ್ದೆ ಮಾಡುತ್ತದೆ, ಗಾಳ ಹಾಕಿ ಪ್ರಯೋಜನವಿಲ್ಲ."

"ಬ್ಯಾಟರಿಯನ್ನು ಸಿಮೆಂಟ್ ನೆಲದ ಮೇಲೆ ಇಟ್ಟರೆ ಚಾರ್ಜ್ ಇಳಿದುಹೋಗುತ್ತದೆ."

"ಸೀಸ ಕರಗಿಸಿದ ಮೇಲೆ ಒಂದು ಲೋಟ ಹಾಲು ಕುಡಿದರೆ ವಿಷ ಇಳಿಯುತ್ತದೆ."

"ಈಜು ಬರುವವನಿಗೆ ಲೈಫ್ ಜಾಕೆಟ್ ಯಾಕೆ?"

ಗಾಳ ಹಾಕುವ ಹವ್ಯಾಸ ಇರುವವರ ನಡುವೆ ಇಂಥ ಮಾತುಗಳು ಸದಾ ಓಡಾಡುತ್ತಿರುತ್ತವೆ. ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಲ್ಲೂ ವಾರಾಂತ್ಯದಲ್ಲಿ ಕೆರೆ, ಜಲಾಶಯಗಳ ಕಡೆ ಹೊರಡುವವರಿದ್ದಾರೆ. ಅಲ್ಲಿಂದ ಒಂದು ವಿಡಿಯೊ ಊರಿನ ಫ್ಯಾಮಿಲಿ ಗ್ರೂಪಿಗೆ ಬರುತ್ತದೆ, ಅದರ ಜೊತೆಗೆ ನಾಲ್ಕು ಸಲಹೆಗಳೂ ಬರುತ್ತವೆ. ಬಾಸ್ ನಮ್ಮ ಕೆರೆಗಳ ಮೀನಲ್ಲ ನಿಜ. ಆದರೆ ಸೀಸ, ಬ್ಯಾಟರಿ, ನೀರಿನಲ್ಲಿ ಮುಳುಗುವ ಅಪಾಯ ಇವೆಲ್ಲ ಎಲ್ಲ ಕಡೆಯೂ ಇವೆ.

ಇಂಥ ಸಲಹೆಗಳನ್ನು ಅಳೆಯಲು ಒಂದು ಸುಲಭ ದಾರಿಯಿದೆ. "ಇದು ಸುಳ್ಳಾಗಿದ್ದರೆ ನಾನು ಏನು ಕಳೆದುಕೊಳ್ಳುತ್ತೇನೆ?" ಎಂದು ಕೇಳಿಕೊಳ್ಳಿ. ಕೆಲವು ಸುಳ್ಳುಗಳಿಂದ ಹೋಗುವುದು ಒಂದು ಭಾನುವಾರ ಮಾತ್ರ. ಕೆಲವು ಸುಳ್ಳುಗಳಿಂದ ಎಂಜಿನ್ ಹೋಗುತ್ತದೆ. ಇನ್ನು ಕೆಲವು ಮಗುವಿನ ಆರೋಗ್ಯವನ್ನು ಅಥವಾ ಮನುಷ್ಯನ ಪ್ರಾಣವನ್ನೇ ತೆಗೆಯುತ್ತವೆ. ಅದೇ ಕ್ರಮದಲ್ಲಿ ಒಂದೊಂದಾಗಿ ನೋಡೋಣ.

ಮೊದಲಿಗೆ, ಬಾಸ್ ಎಂದರೇನು? ಜಿಗ್ ಎಂದರೇನು?

ಬಾಸ್ ಎಂದರೆ ಇಲ್ಲಿ ಮುಖ್ಯವಾಗಿ ಲಾರ್ಜ್‌ಮೌತ್ ಬಾಸ್. ಇದು ಉತ್ತರ ಅಮೆರಿಕದ ಪೂರ್ವಭಾಗದ ಸಿಹಿನೀರಿನ ಮೀನು. ಹೆಸರಿಗೆ ತಕ್ಕಂತೆ ದೊಡ್ಡ ಬಾಯಿ. ಚಿಕ್ಕ ಮೀನು, ಕಪ್ಪೆ, ಸಿಗಡಿಯ ಹತ್ತಿರದ ಸಂಬಂಧಿಯಾದ ಕ್ರೇಫಿಶ್ ಹೀಗೆ ಬಾಯಿಗೆ ಹಿಡಿಸಿದ್ದನ್ನೆಲ್ಲ ನುಂಗುತ್ತದೆ. ಗಾಳ ಕಚ್ಚಿದ ಮೇಲೆ ನೀರಿನಿಂದ ಮೇಲಕ್ಕೆ ನೆಗೆದು ಹೋರಾಡುತ್ತದೆ, ಅದಕ್ಕೇ ಹವ್ಯಾಸಿಗಳಿಗೆ ಇದರ ಮೇಲೆ ಅಷ್ಟು ಮೋಹ. 1932ರಲ್ಲಿ ಜಾರ್ಜಿಯಾ ರಾಜ್ಯದಲ್ಲಿ ಜಾರ್ಜ್ ಪೆರ್ರಿ ಎಂಬಾತ ಹಿಡಿದ ಬಾಸ್ ಸುಮಾರು 10 ಕಿಲೋ ತೂಗಿತ್ತು. ಆ ದಾಖಲೆಯನ್ನು ಸರಿಗಟ್ಟಲು 77 ವರ್ಷ ಬೇಕಾಯಿತು. 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿಟಾ ಅದೇ ತೂಕದ ಮೀನು ಹಿಡಿದರು. ಅಂದಹಾಗೆ, ಜಪಾನಿನಲ್ಲಿ ಬಾಸ್ ಹೊರಗಿನಿಂದ ತಂದು ಬಿಟ್ಟ ಮೀನು. ಅಲ್ಲಿನ ಸ್ಥಳೀಯ ಜಲಚರಗಳಿಗೆ ಅದೊಂದು ಪಿಡುಗು.

ಜಿಗ್ ಎಂದರೆ ಕೊಕ್ಕೆಯ ಕುತ್ತಿಗೆಗೆ ಲೋಹದ ಗುಂಡನ್ನು ಎರಕ ಹೊಯ್ದು, ಹಿಂದೆ ರೋಮ, ಗರಿ ಅಥವಾ ರಬ್ಬರ್ ಎಳೆಗಳ ಕುಚ್ಚು ಕಟ್ಟಿದ ಕೃತಕ ಎರೆ. ನೋಡಲು ಸರಳ. ಬೇಕಾದ ತೂಕ, ಆಕಾರ, ಬಣ್ಣದಲ್ಲಿ ಮನೆಯಲ್ಲೇ ಮಾಡಿಕೊಳ್ಳಬಹುದು. ಅಂಗಡಿಯ ಬೆಲೆಯೂ ಉಳಿಯುತ್ತದೆ. ಹೀಗಾಗಿ ಚಳಿಗಾಲದಲ್ಲಿ ಗ್ಯಾರೇಜಿನಲ್ಲಿ ಕೂತು ಜಿಗ್ ಹೊಯ್ಯುವುದು ಅಲ್ಲಿ ಅನೇಕರ ಹಳೆಯ ಅಭ್ಯಾಸ.

ಚಳಿಗಾಲದಲ್ಲಿ ಬಾಸ್ ನಿದ್ದೆ ಮಾಡುತ್ತದೆಯೇ?

ಇಲ್ಲ. ಹಿಮಗಟ್ಟಿದ ಕೆರೆಯಲ್ಲಿ ರಂಧ್ರ ಕೊರೆದು ಗಾಳ ಇಳಿಸುವವರಿಗೂ ಬಾಸ್ ಸಿಗುತ್ತದೆ. ನಿದ್ದೆಯಲ್ಲಿದ್ದರೆ ಅದು ಸಾಧ್ಯವಿರಲಿಲ್ಲ.

ಆದರೆ ಈ ನಂಬಿಕೆಯಲ್ಲಿ ಅರ್ಧ ಸತ್ಯವಿದೆ. ಮೀನು ಶೀತರಕ್ತದ ಪ್ರಾಣಿ. ನಮ್ಮ ದೇಹ ಹೊರಗೆ ಎಷ್ಟೇ ಚಳಿಯಿದ್ದರೂ 37 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಬಾಸ್‌ನ ದೇಹ ಹಾಗಲ್ಲ, ನೀರು ಎಷ್ಟು ತಂಪೋ ಅದೂ ಅಷ್ಟೇ ತಂಪು. ದೇಹದೊಳಗಿನ ರಾಸಾಯನಿಕ ಕ್ರಿಯೆಗಳು 10 ಡಿಗ್ರಿ ಇಳಿದಾಗ ಅರ್ಧಕ್ಕೋ ಮೂರನೇ ಒಂದು ಭಾಗಕ್ಕೋ ಇಳಿಯುತ್ತವೆ. ಬೇಸಿಗೆಯಲ್ಲಿ ಬೇಗ ಕರಗುತ್ತಿದ್ದ ಊಟ ಚಳಿಯಲ್ಲಿ ದಿನಗಟ್ಟಲೆ ಹೊಟ್ಟೆಯಲ್ಲೇ ಕೂರುತ್ತದೆ. ಹಸಿವು ಕಡಿಮೆ, ಓಡಾಟವೂ ಕಡಿಮೆ. ನೀರು 10 ಡಿಗ್ರಿಗಿಂತ ಕೆಳಗಿಳಿದರೆ ಬಾಸ್ ಬೆನ್ನಟ್ಟಿ ಬೇಟೆಯಾಡುವುದಿಲ್ಲ. ಮುಖದ ಮುಂದೆಯೇ ನಿಧಾನವಾಗಿ ಬಂದದ್ದನ್ನು ಮಾತ್ರ ಬಾಯಿಗೆ ಹಾಕಿಕೊಳ್ಳುತ್ತದೆ.

ಇನ್ನು ಮೀನು ಎಲ್ಲಿ ಇರುತ್ತದೆ? ಇಲ್ಲಿ ನೀರಿನ ಒಂದು ವಿಚಿತ್ರ ಗುಣ ಕೆಲಸ ಮಾಡುತ್ತದೆ. ನೀರು ಅತಿ ಹೆಚ್ಚು ಸಾಂದ್ರವಾಗುವುದು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದಕ್ಕಿಂತ ತಣ್ಣಗಾದರೆ ಮತ್ತೆ ಹಗುರವಾಗಿ ಮೇಲೆ ಬರುತ್ತದೆ. ಹೀಗಾಗಿ ಕೆರೆಯ ಮೇಲ್ಭಾಗ ಹಿಮಗಟ್ಟಿದ್ದರೂ ತಳದಲ್ಲಿ ಸುಮಾರು 4 ಡಿಗ್ರಿಯ ನೀರು ಉಳಿದಿರುತ್ತದೆ. ಮೇಲೆ ಶೂನ್ಯ, ಕೆಳಗೆ 4 ಎಂದರೆ ಮೀನಿಗೆ ಕೆಳಗಿನ ಕೋಣೆಯೇ ಬೆಚ್ಚಗಿನದು.

ಚಳಿಗಾಲದಲ್ಲಿ ಜಿಗ್‌ಗೆ ಇಷ್ಟು ಬೇಡಿಕೆ ಯಾಕೆ ಎಂಬುದಕ್ಕೂ ಉತ್ತರ ಇದೇ. ಅದರ ಗುಂಡು ಭಾರ, ಆದ್ದರಿಂದ ಆಳಕ್ಕೆ ಇಳಿಯುತ್ತದೆ. ಇಳಿದ ಮೇಲೆ ತಳದಲ್ಲಿ ತೆವಳಿಸಬಹುದು, ಒಂದೇ ಜಾಗದಲ್ಲಿ ಅಲುಗಾಡಿಸುತ್ತಲೂ ಇರಬಹುದು. ರೋಮದ ಕುಚ್ಚು ಕಟ್ಟಿದ ಜಿಗ್ ಚಳಿಗೆ ಒಳ್ಳೆಯದು ಎಂಬ ಹಳಬರ ಮಾತಿನಲ್ಲೂ ಹುರುಳಿದೆ. ಪ್ಲಾಸ್ಟಿಕ್ ಚಳಿಗೆ ಬಿರುಸಾಗುತ್ತದೆ. ಜಿಂಕೆಯ ರೋಮ, ಹಕ್ಕಿಯ ಮೃದು ಗರಿ ಬಿರುಸಾಗುವುದಿಲ್ಲ, ಜಿಗ್ ನಿಂತಲ್ಲೇ ನಿಂತಿದ್ದರೂ ಅವು ನೀರಿನಲ್ಲಿ ಉಸಿರಾಡಿದಂತೆ ಆಡುತ್ತಿರುತ್ತವೆ. ಟೆನ್ನೆಸಿಯಂಥ ಕಡೆ ಪುಟ್ಟ ರೋಮದ ಜಿಗ್ ಅನ್ನು ತೇಲುಬುಡ್ಡೆಯ ಕೆಳಗೆ ಎರಡು ಮೂರು ಮೀಟರ್ ಆಳದಲ್ಲಿ ಸುಮ್ಮನೆ ತೂಗಬಿಡುತ್ತಾರೆ. ಬಾಸ್‌ನ ಆಹಾರವಾದ ಶ್ಯಾಡ್ ಜಾತಿಯ ಚಿಕ್ಕ ಮೀನುಗಳು ನೀರು ಸುಮಾರು 7 ಡಿಗ್ರಿಗೆ ಇಳಿದಾಗ ತತ್ತರಿಸಿ ಸಾಯತೊಡಗುತ್ತವೆ. ತೂಗಾಡುವ ಜಿಗ್ ಆ ಸಾಯುತ್ತಿರುವ ಮೀನಿನಂತೆ ಕಾಣುತ್ತದೆ.

ಗಾಳಿಯ ಒತ್ತಡ ಬದಲಾದರೆ ಮೀನು ಕಚ್ಚುವುದಿಲ್ಲವೇ?

"ಹವಾಮಾನ ಬದಲಾಗುವಾಗ ಗಾಳಿಯ ಒತ್ತಡ ಮೀನಿನ ಗಾಳಿಚೀಲವನ್ನು ಹಿಂಡುತ್ತದೆ, ಅದಕ್ಕೇ ಅದು ಬಾಯಿ ಮುಚ್ಚಿಕೊಳ್ಳುತ್ತದೆ" ಎಂಬ ವಿವರಣೆ ಬಹಳ ಜನಪ್ರಿಯ. ಕೇಳಲು ವೈಜ್ಞಾನಿಕವಾಗಿಯೂ ಇದೆ. ಆದರೆ ಒಂದು ಸಣ್ಣ ಲೆಕ್ಕ ಹಾಕಿ ನೋಡಿ.

ಗಾಳಿಯ ಒತ್ತಡ ಸಾಮಾನ್ಯವಾಗಿ 1013 ಹೆಕ್ಟೋಪಾಸ್ಕಲ್ ಆಸುಪಾಸು. ದೊಡ್ಡ ಹವಾಮಾನ ಬದಲಾವಣೆಯಲ್ಲಿ ಅದು 20ರಿಂದ 30ರಷ್ಟು ಏರಿಳಿಯಬಹುದು. ನೀರಿನಲ್ಲಿ 1 ಹೆಕ್ಟೋಪಾಸ್ಕಲ್ ಎಂದರೆ ಸುಮಾರು 1 ಸೆಂಟಿಮೀಟರ್ ಆಳದ ವ್ಯತ್ಯಾಸ. ಅಂದರೆ ಇಡೀ ಹವಾಮಾನ ಬದಲಾವಣೆಯ ಒತ್ತಡವೂ, ಮೀನು ಒಂದಡಿ ಕೆಳಗೋ ಮೇಲೋ ಈಜಿದರೆ ಆಗುವ ವ್ಯತ್ಯಾಸವೂ ಒಂದೇ. ಮೀನು ಇದನ್ನು ದಿನಕ್ಕೆ ನೂರಾರು ಸಲ ಮಾಡುತ್ತದೆ.

ಹಾಗಾದರೆ ಶೀತಮಾರುತ ಬಂದಾಗ ಮೀನು ಕಚ್ಚುವುದು ಕಡಿಮೆಯಾಗುತ್ತದೆ ಎಂಬ ಅನುಭವ ಸುಳ್ಳೇ? ಅನುಭವ ಸುಳ್ಳಾಗಬೇಕಿಲ್ಲ. ಒತ್ತಡದ ಜೊತೆಗೆ ಬೆಳಕು, ಗಾಳಿ, ಅಲೆ, ನೀರಿನ ಉಷ್ಣತೆ ಎಲ್ಲವೂ ಬದಲಾಗಿರುತ್ತವೆ. ಹೆಚ್ಚು ನಂಬಬಹುದಾದ ಕಾರಣಗಳು ಅವು.

ಡಬ್ಲ್ಯೂಡಿ-40 ಸ್ಪ್ರೇ ಹಚ್ಚಿದರೆ ಮೀನು ಬರುತ್ತದೆಯೇ?

ತುಕ್ಕು ಬಿಡಿಸಲು ನಮ್ಮ ಮನೆಗಳಲ್ಲೂ ಬಳಸುವ ನೀಲಿ ಹಳದಿ ಡಬ್ಬಿ. ಇದರಲ್ಲಿ ಮೀನೆಣ್ಣೆ ಇದೆ, ಎರೆಗೆ ಹಚ್ಚಿದರೆ ಮೀನು ಮುಗಿಬೀಳುತ್ತದೆ ಎಂಬುದು ಹಳೆಯ ಕಥೆ. ಮೀನೆಣ್ಣೆ ಇಲ್ಲ ಎಂದು ತಯಾರಕರೇ ಸ್ಪಷ್ಟವಾಗಿ ಹೇಳಿದ್ದಾರೆ. ಅದು ಪೆಟ್ರೋಲಿಯಂ ಮೂಲದ ದ್ರವ. ನೀರನ್ನು ಹೊರದಬ್ಬುವ ದ್ರವವನ್ನು ತಯಾರಿಸುವ 40ನೇ ಪ್ರಯತ್ನದಲ್ಲಿ ಯಶಸ್ಸು ಸಿಕ್ಕಿದ್ದರಿಂದ 1953ರಲ್ಲಿ ಆ ಹೆಸರು ಬಂತು. ಎಂಜಿನ್ನಿನ ತಂತಿಗಳ ತೇವ ತೆಗೆಯಲು ಬಳಸಿ, ಕೆರೆಗೆ ಬಿಡಬೇಡಿ. ನೀರಿನ ಮೇಲೆ ಎಣ್ಣೆಯ ಹೊಳಪು ಮೂಡುವಂತೆ ಮಾಡುವುದು ಅಮೆರಿಕದಲ್ಲಿ ಕಾನೂನಿಗೂ ವಿರುದ್ಧ.

ಇಲ್ಲಿಯವರೆಗಿನ ನಂಬಿಕೆಗಳಲ್ಲಿ ತಪ್ಪಿದರೆ ಹೋಗುವುದು ಒಂದು ದಿನ ಅಷ್ಟೆ. ಮೀನು ಸಿಗದೆ ಮನೆಗೆ ಬರುತ್ತೀರಿ. ಹಿಡಿದ ಮೀನನ್ನು ಮತ್ತೆ ನೀರಿಗೆ ಬಿಡುವವರು ಮಾತ್ರ ಎರಡು ವಿಷಯ ನೆನಪಿಡಬೇಕು. ಸುಮಾರು 9 ಮೀಟರಿಗಿಂತ ಆಳದಿಂದ ಎಳೆದ ಬಾಸ್‌ನ ಗಾಳಿಚೀಲ ಮೇಲೆ ಬರುವಾಗ ಉಬ್ಬಿ, ಮೀನು ಮತ್ತೆ ಕೆಳಗಿಳಿಯಲಾಗದೆ ತೇಲಬಹುದು. ಶೂನ್ಯಕ್ಕಿಂತ ಕಡಿಮೆ ಉಷ್ಣತೆಯ ಗಾಳಿಯಲ್ಲಿ ಫೋಟೊಗಾಗಿ ಹಿಡಿದು ನಿಂತರೆ ಅದರ ಕಣ್ಣು, ಕಿವಿರುಗಳು ಹೆಪ್ಪುಗಟ್ಟುತ್ತವೆ.

ದೋಣಿಯನ್ನು ನೀರಿನಿಂದ ಎತ್ತಿಟ್ಟರೆ ಸಾಕೇ?

ಈಗ ಹಣದ ವಿಷಯಕ್ಕೆ ಬರೋಣ. ನೀರು ಹೆಪ್ಪುಗಟ್ಟುವಾಗ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ. ಫ್ರೀಜರಿನಲ್ಲಿಟ್ಟ ಗಾಜಿನ ಬಾಟಲಿ ಒಡೆಯುವುದು ಇದಕ್ಕೇ. ದೋಣಿಯ ಎಂಜಿನ್ನಿನೊಳಗೆ ಉಳಿದ ಸ್ವಲ್ಪ ನೀರೂ ಅದನ್ನೇ ಮಾಡುತ್ತದೆ. ಎರಕದ ಕಬ್ಬಿಣವಾಗಲಿ ಅಲ್ಯೂಮಿನಿಯಂ ಆಗಲಿ ಹಿಗ್ಗುವ ಹಿಮವನ್ನು ತಡೆಯಲಾರದು.

ದೋಣಿಯ ಹಿಂಬದಿಗೆ ಹೊರಗೆ ತೂಗುಹಾಕುವ ಔಟ್‌ಬೋರ್ಡ್ ಎಂಜಿನ್ ಆದರೆ ನೇರವಾಗಿ ನಿಲ್ಲಿಸಿಟ್ಟಾಗ ತಂಪುಗೊಳಿಸುವ ನೀರು ತಾನಾಗಿಯೇ ಇಳಿದುಹೋಗುತ್ತದೆ. ಓರೆಯಾಗಿ ಮಡಚಿಟ್ಟರೆ ಒಳಗೇ ನಿಲ್ಲುತ್ತದೆ. ದೋಣಿಯ ಒಳಗೆ ಕೂರಿಸಿದ ಎಂಜಿನ್ ಆದರೆ ನೀರು ಪೂರ್ತಿ ಬಸಿಯಬೇಕು, ಅಥವಾ ಹೆಪ್ಪುಗಟ್ಟದ ದ್ರವ ತುಂಬಬೇಕು. ಈ ದ್ರವದಲ್ಲಿ ಎರಡು ಬಗೆ. ಕಾರಿನಲ್ಲಿ ಬಳಸುವ ಎಥಿಲೀನ್ ಗ್ಲೈಕಾಲ್ ಸಿಹಿಯಾದ ವಿಷ, ನೆಕ್ಕಿದ ನಾಯಿ ಬೆಕ್ಕು ಸಾಯುತ್ತವೆ. ದೋಣಿಗೆ ಪ್ರೊಪಿಲೀನ್ ಗ್ಲೈಕಾಲ್ ಇರುವುದನ್ನೇ ಬಳಸಬೇಕು.

ಕೆಳಗಿನ ಗೇರ್ ಪೆಟ್ಟಿಗೆಯ ಎಣ್ಣೆಯನ್ನು ಚಳಿಗಾಲಕ್ಕೆ ಮುಂಚೆ ಸ್ವಲ್ಪ ಹೊರತೆಗೆದು ನೋಡಿ. ಹಾಲು ಬೆರೆಸಿದ ಚಹಾದ ಬಣ್ಣವಿದ್ದರೆ ಒಳಗೆ ನೀರು ಹೊಕ್ಕಿದೆ ಎಂದರ್ಥ. ಹಾಗೇ ಬಿಟ್ಟರೆ ಆ ನೀರು ಹೆಪ್ಪುಗಟ್ಟಿ ಪೆಟ್ಟಿಗೆಯೇ ಸೀಳಬಹುದು. ಎಣ್ಣೆ ಬದಲಿಸುವ ಖರ್ಚು ಅಲ್ಪ, ಪೆಟ್ಟಿಗೆ ಬದಲಿಸುವ ಖರ್ಚು ದೊಡ್ಡದು.

*"ಸ್ಟೆಬಿಲೈಜರ್ ಹಾಕಿದರೆ ಕೆಟ್ಟ ಪೆಟ್ರೋಲ್ ಸರಿಹೋಗುತ್ತದೆ."* ಸುಳ್ಳು. ಅಮೆರಿಕದ ಪೆಟ್ರೋಲಿನಲ್ಲಿ ಸಾಮಾನ್ಯವಾಗಿ ಶೇಕಡಾ 10ರವರೆಗೆ ಎಥನಾಲ್ ಇರುತ್ತದೆ. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ. ನೀರು ಒಂದು ಮಿತಿ ಮೀರಿದಾಗ ನೀರೂ ಎಥನಾಲೂ ಸೇರಿ ಟ್ಯಾಂಕಿನ ತಳಕ್ಕೆ ಇಳಿದು ಪೆಟ್ರೋಲಿನಿಂದ ಬೇರೆಯಾಗುತ್ತವೆ. ಚಳಿಯಲ್ಲಿ ಇದು ಇನ್ನೂ ಬೇಗ ಆಗುತ್ತದೆ. ಹಾಗೆ ಬೇರ್ಪಟ್ಟ ಇಂಧನವನ್ನು ಯಾವ ದ್ರಾವಣವೂ ಮತ್ತೆ ಕೂಡಿಸದು, ಹೊರತೆಗೆಯುವುದೊಂದೇ ದಾರಿ. ಸ್ಟೆಬಿಲೈಜರ್ ಕೆಲಸ ಮಾಡುವುದು ತಾಜಾ ಪೆಟ್ರೋಲಿಗೆ ಹಾಕಿ, ಎಂಜಿನ್ನನ್ನು ಕೆಲ ನಿಮಿಷ ಓಡಿಸಿ, ಅದು ಕೊಳವೆಗಳಿಗೆಲ್ಲ ತಲುಪಿದಾಗ ಮಾತ್ರ. ಶೇಕಡಾ 15 ಎಥನಾಲ್ ಇರುವ ಪೆಟ್ರೋಲನ್ನು ದೋಣಿಗೆ ಬಳಸುವುದು ಅಲ್ಲಿ ನಿಷಿದ್ಧ.

*"ಬ್ಯಾಟರಿಯನ್ನು ಸಿಮೆಂಟ್ ನೆಲದ ಮೇಲೆ ಇಡಬಾರದು."* ಇದು ನಮ್ಮ ಮನೆಗಳ ಇನ್ವರ್ಟರ್ ಬ್ಯಾಟರಿಯ ಬಗ್ಗೆಯೂ ಕೇಳಿಬರುವ ಮಾತು. ಒಂದು ಕಾಲದಲ್ಲಿ ನಿಜವಾಗಿತ್ತು. ಹಳೆಯ ಬ್ಯಾಟರಿಗಳ ಪೆಟ್ಟಿಗೆ ಮರದ್ದೋ ಗಡುಸು ರಬ್ಬರಿನದೋ ಆಗಿದ್ದು, ತೇವದ ನೆಲದ ಮೂಲಕ ವಿದ್ಯುತ್ ಸೋರುತ್ತಿತ್ತು. ಇಂದಿನ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಹಾಗಾಗದು. ಬ್ಯಾಟರಿಯ ನಿಜವಾದ ಶತ್ರು ಚಾರ್ಜ್ ಇಲ್ಲದೆ ಬಿಡುವುದು. ಪೂರ್ತಿ ಚಾರ್ಜ್ ಆದ ಸೀಸ-ಆಮ್ಲ ಬ್ಯಾಟರಿ ಮೈನಸ್ 50 ಡಿಗ್ರಿಯಲ್ಲೂ ಹೆಪ್ಪುಗಟ್ಟದು. ಖಾಲಿಯಾದ ಬ್ಯಾಟರಿಯೊಳಗೆ ಉಳಿಯುವುದು ಬಹುಪಾಲು ನೀರು, ಅದು ಮೈನಸ್ 7 ಡಿಗ್ರಿ ಸುಮಾರಿಗೆ ಹೆಪ್ಪುಗಟ್ಟಿ ಒಡೆಯಬಹುದು. ಹೊಸ ಲಿಥಿಯಂ ಬ್ಯಾಟರಿಯದು ಬೇರೆ ಕಥೆ, ಶೂನ್ಯ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಿದರೆ ಒಳಗೆ ಲೋಹದ ಪದರ ಕಟ್ಟಿ ಶಾಶ್ವತವಾಗಿ ಕೆಡುತ್ತದೆ.

ಟ್ರೇಲರ್ ಚಕ್ರಗಳನ್ನೂ ಮರೆಯಬಾರದು. ಹೆದ್ದಾರಿಯಲ್ಲಿ ಓಡಿ ಬಿಸಿಯಾದ ಚಕ್ರದ ಬೇರಿಂಗ್ ತಣ್ಣೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗಿ, ಸೀಲಿನ ಸಂದಿಯಿಂದ ನೀರನ್ನು ಒಳಗೆಳೆಯುತ್ತದೆ. ಗ್ರೀಸ್ ಕೆಟ್ಟು ತುಕ್ಕು ಹಿಡಿಯುತ್ತದೆ. ಒಂದು ದಿನ ರಸ್ತೆ ಮಧ್ಯೆ ಚಕ್ರವೇ ಕಳಚಬಹುದು.

ಇನ್ನು, ಒಂದು ಕೆರೆಯಿಂದ ಇನ್ನೊಂದಕ್ಕೆ ಹೋಗುವಾಗ ದೋಣಿಯನ್ನು ತೊಳೆದು, ನೀರು ಬಸಿದು, ಒಣಗಿಸಬೇಕು. ಝೀಬ್ರಾ ಮಸಲ್ ಎಂಬ ಬೆರಳುಗುರಿನಷ್ಟು ಚಿಪ್ಪುಜೀವಿ 1988ರಲ್ಲಿ ಅಮೆರಿಕ-ಕೆನಡಾ ಗಡಿಯ ಸೇಂಟ್ ಕ್ಲೇರ್ ಸರೋವರದಲ್ಲಿ ಕಂಡುಬಂತು. ಅಲ್ಲಿಂದ ಹರಡಿ ನೀರು ಸರಬರಾಜಿನ ಕೊಳವೆಗಳನ್ನೇ ಮುಚ್ಚುವಷ್ಟು ಬೆಳೆಯಿತು. ಕೆರೆಯಿಂದ ಕೆರೆಗೆ ಅದನ್ನು ಹೊತ್ತೊಯ್ದದ್ದರಲ್ಲಿ ಹವ್ಯಾಸಿಗಳ ದೋಣಿಗಳ ಪಾಲೂ ದೊಡ್ಡದು. ಆದರೆ ನೀರು ಬಸಿಯುವ ಜಾಗ ದೋಣಿ ಇಳಿಸುವ ಇಳಿಜಾರು ಆಗದಿರಲಿ. ಹೆಪ್ಪುಗಟ್ಟಿದರೆ ಹಿಂದೆ ಬರುವವರ ಕಾರು ಟ್ರೇಲರ್ ಸಮೇತ ಜಾರುತ್ತದೆ.

ಮನೆಯಲ್ಲಿ ಸೀಸ ಕರಗಿಸುವುದು ಎಷ್ಟು ಸುರಕ್ಷಿತ?

ಇಲ್ಲಿಂದ ಮುಂದೆ ತಪ್ಪಿನ ಬೆಲೆ ಹಣದಲ್ಲಿ ಅಳೆಯುವಂಥದ್ದಲ್ಲ.

ಜಿಗ್‌ಗೆ ಸೀಸ ಬಳಸಲು ಕಾರಣ ಸ್ಪಷ್ಟ. ಅಗ್ಗ, ಭಾರ, 327 ಡಿಗ್ರಿಗೇ ಕರಗುತ್ತದೆ. ಹಳೆಯ ಕಾರಿನ ಚಕ್ರಕ್ಕೆ ಹೊಡೆಯುತ್ತಿದ್ದ ಸೀಸದ ತೂಕಗಳು, ಹಳೆಯ ಕೊಳವೆಗಳು ಪುಕ್ಕಟೆಯಾಗಿಯೇ ಸಿಗುತ್ತಿದ್ದವು. ಅದನ್ನು ಕರಗಿಸಿ ಅಲ್ಯೂಮಿನಿಯಂ ಅಚ್ಚಿಗೆ ಹೊಯ್ದರೆ ಕೆಲವೇ ಸೆಕೆಂಡಿನಲ್ಲಿ ಜಿಗ್ ಸಿದ್ಧ.

*"ಹೊಗೆ ಕಾಣದಿದ್ದರೆ ಅಪಾಯವಿಲ್ಲ."* ತಪ್ಪು. ಸೀಸದ ಆವಿ ಹೆಚ್ಚಾಗುವುದು ಸುಮಾರು 500 ಡಿಗ್ರಿ ದಾಟಿದ ಮೇಲೆ, ನಿಜ. ಆದರೆ ಮನೆಯಲ್ಲಿ ಹೆಚ್ಚಿನ ಅಪಾಯ ಬರುವುದು ಕಾಣದ ಧೂಳಿನಿಂದ. ಕರಗಿದ ಸೀಸದ ಮೇಲೆ ಕಟ್ಟುವ ಬೂದು ಕೆನೆಯನ್ನು ತೆಗೆಯುವಾಗ, ಜಿಗ್‌ನ ಅಂಚು ಉಜ್ಜುವಾಗ ಏಳುವ ಪುಡಿ ಕೈಗೆ, ಬಟ್ಟೆಗೆ, ನೆಲಕ್ಕೆ ಅಂಟುತ್ತದೆ. ಅಪ್ಪ ಗ್ಯಾರೇಜಿನಿಂದ ಬಂದು ಮಗುವನ್ನು ಎತ್ತಿಕೊಳ್ಳುತ್ತಾನೆ. ಅಂಬೆಗಾಲಿಡುವ ಮಗು ನೆಲ ಮುಟ್ಟಿದ ಕೈಯನ್ನು ಬಾಯಿಗಿಡುತ್ತದೆ. ಮುಖಕ್ಕೆ ಕರ್ಚೀಫು ಕಟ್ಟಿಕೊಂಡರೆ ಈ ಯಾವುದೂ ತಪ್ಪುವುದಿಲ್ಲ.

ಸೀಸಕ್ಕೆ ಸುರಕ್ಷಿತ ಪ್ರಮಾಣ ಎಂಬುದೇ ಇಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಂದೇ ಮೂಲದಿಂದ ಬಾಯಿಗೆ ಹೋದ ಸೀಸವನ್ನು ಪುಟ್ಟ ಮಕ್ಕಳ ದೇಹ ದೊಡ್ಡವರಿಗಿಂತ 4ರಿಂದ 5 ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ. ಅದು ಮಿದುಳಿನ ಬೆಳವಣಿಗೆಗೆ ಪೆಟ್ಟು ಕೊಡುತ್ತದೆ, ಆ ಹಾನಿ ತಿರುಗಿ ಸರಿಹೋಗದಿರಬಹುದು. ದೊಡ್ಡವರಲ್ಲಿ ರಕ್ತದೊತ್ತಡ ಏರಿಸುತ್ತದೆ, ಮೂತ್ರಪಿಂಡಕ್ಕೆ ಹಾನಿ ಮಾಡುತ್ತದೆ. ಮೂಳೆಯಲ್ಲಿ ಸೇರಿಕೊಂಡ ಸೀಸ ದಶಕಗಳ ಕಾಲ ಅಲ್ಲೇ ಇರುತ್ತದೆ, ಗರ್ಭಿಣಿಯಾದಾಗ ಮತ್ತೆ ರಕ್ತಕ್ಕೆ ಬರಬಹುದು. ಮಕ್ಕಳ ರಕ್ತದಲ್ಲಿ ಪ್ರತಿ ಡೆಸಿಲೀಟರಿಗೆ 3.5 ಮೈಕ್ರೊಗ್ರಾಂ ಅಥವಾ ಹೆಚ್ಚು ಸೀಸ ಕಂಡರೆ ಗಮನ ಕೊಡಬೇಕು ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2021ರಲ್ಲಿ ನಿಗದಿ ಮಾಡಿದೆ.

*"ಹಾಲು ಕುಡಿದರೆ ಸೀಸದ ವಿಷ ಇಳಿಯುತ್ತದೆ."* ಇಲ್ಲ. ಕ್ಯಾಲ್ಸಿಯಂ, ಕಬ್ಬಿಣಾಂಶ ಸಾಕಷ್ಟಿರುವ ದೇಹ ಸೀಸವನ್ನು ಸ್ವಲ್ಪ ಕಡಿಮೆ ಹೀರಿಕೊಳ್ಳುತ್ತದೆ ಎಂಬಷ್ಟು ನಿಜ. ಆದರೆ ಉಸಿರಲ್ಲಿ ಹೋದ ಅಥವಾ ಈಗಾಗಲೇ ರಕ್ತಕ್ಕೆ ಸೇರಿದ ಸೀಸವನ್ನು ಹಾಲು ಹೊರಗೆ ತರದು. ಅನುಮಾನವಿದ್ದರೆ ರಕ್ತ ಪರೀಕ್ಷೆ ಮಾಡಿಸಬೇಕು. ಪ್ರಮಾಣ ಬಹಳ ಹೆಚ್ಚಿದ್ದರೆ ಮಾತ್ರ ವೈದ್ಯರು ಸೀಸವನ್ನು ಹೊರತೆಗೆಯುವ ಔಷಧ ಕೊಡುತ್ತಾರೆ.

*"ಅಚ್ಚು ಸ್ವಲ್ಪ ಒದ್ದೆಯಿದ್ದರೇನು?"* ಒಂದೇ ಒಂದು ಹನಿ ನೀರು ಸಾಕು. ಅದು ಕರಗಿದ ಸೀಸದ ಅಡಿಗೆ ಸಿಕ್ಕಿದ ಕ್ಷಣದಲ್ಲಿ ಆವಿಯಾಗಿ ಸುಮಾರು 1,600 ಪಟ್ಟು ಹಿಗ್ಗುತ್ತದೆ, ಸುಡುವ ಲೋಹ ಮುಖಕ್ಕೆ ಸಿಡಿಯುತ್ತದೆ. ಒಗ್ಗರಣೆಗೆ ನೀರು ಬಿದ್ದಾಗ ಎಣ್ಣೆ ಸಿಡಿಯುವುದು ನೆನಪಿದೆಯಲ್ಲ? ಇದು ಅದರ ಭೀಕರ ರೂಪ.

ಇದು ದೂರದ ಅಮೆರಿಕದ ಸಮಸ್ಯೆ ಮಾತ್ರವೂ ಅಲ್ಲ. ನಮ್ಮ ಕರಾವಳಿಯ ಬೀಸುಬಲೆಯ ಅಂಚಿನಲ್ಲೂ ಸೀಸದ ಮಣಿಗಳಿವೆ. ಹಳೆಯ ಬ್ಯಾಟರಿ ಒಡೆದು ಸೀಸ ಕರಗಿಸುವ ಕೆಲಸ ದೇಶದ ಅನೇಕ ಕಡೆ ಬಯಲಲ್ಲೇ ನಡೆಯುತ್ತದೆ. ಸೀಸದ ವಿಷದ ಬಗ್ಗೆ ದಶಕಗಳಿಂದ ಕೆಲಸ ಮಾಡಿದ ಡಾ. ತುಪ್ಪಿಲ್ ವೆಂಕಟೇಶ್ ಅವರು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಪ್ರಾಧ್ಯಾಪಕರಾಗಿದ್ದವರು.

ಕಳೆದುಹೋದ ಜಿಗ್ ಕೂಡ ಸುಮ್ಮನೆ ಬಿದ್ದಿರುವುದಿಲ್ಲ. ಕೆನಡಾದ ಒಂದು ಡಾಲರ್ ನಾಣ್ಯದ ಮೇಲಿರುವ ಲೂನ್ ಎಂಬ ನೀರುಹಕ್ಕಿ ಆಹಾರ ಅರೆಯಲು ಸಣ್ಣ ಕಲ್ಲುಗಳನ್ನು ನುಂಗುತ್ತದೆ, ಗಾಳ ಸಿಕ್ಕಿದ ಮೀನುಗಳನ್ನೂ ನುಂಗುತ್ತದೆ. ಹೊಟ್ಟೆಯ ಆಮ್ಲದಲ್ಲಿ ಸೀಸ ಕರಗಿ, ಕೆಲ ವಾರಗಳಲ್ಲೇ ಹಕ್ಕಿ ಸಾಯುತ್ತದೆ. ಒಂದು ಪುಟ್ಟ ಗುಂಡು ಸಾಕು. ಇದಕ್ಕಾಗಿ ನ್ಯೂ ಹ್ಯಾಂಪ್‌ಶೈರ್ ರಾಜ್ಯ 2016ರಿಂದ ಒಂದು ಔನ್ಸ್, ಅಂದರೆ ಸುಮಾರು 28 ಗ್ರಾಂ ಮತ್ತು ಅದಕ್ಕಿಂತ ಕಡಿಮೆ ತೂಕದ ಸೀಸದ ಜಿಗ್, ಗುಂಡುಗಳ ಮಾರಾಟವನ್ನೂ ಬಳಕೆಯನ್ನೂ ನಿಷೇಧಿಸಿದೆ. ಬ್ರಿಟನ್ ಹಂಸಗಳನ್ನು ಉಳಿಸಲು 1987ರಲ್ಲೇ ಇಂಥ ಕ್ರಮ ಕೈಗೊಂಡಿತ್ತು. ಬೇರೆ ರಾಜ್ಯಗಳ ನಿಯಮ ಬೇರೆ ಬೇರೆ ಇವೆ, ಹೋಗುವ ಮುನ್ನ ನೋಡಿಕೊಳ್ಳಬೇಕು.

ಹಾಗಾದರೆ ಮನೆಯಲ್ಲಿ ಜಿಗ್ ಮಾಡುವ ಆಸೆ ಬಿಡಬೇಕೆ? ಬೇಡ. ಬಿಸ್ಮತ್ ಮತ್ತು ತವರ 58-42ರ ಪ್ರಮಾಣದಲ್ಲಿ ಬೆರೆತ ಮಿಶ್ರಲೋಹ ಕೇವಲ 138 ಡಿಗ್ರಿಗೆ ಕರಗುತ್ತದೆ. ಸೀಸಕ್ಕಿಂತ ಹಗುರ, ಆದ್ದರಿಂದ ಅದೇ ತೂಕಕ್ಕೆ ಜಿಗ್ ಸ್ವಲ್ಪ ದಪ್ಪವಾಗುತ್ತದೆ. ಬೆಲೆಯೂ ಹೆಚ್ಚು. ಆದರೆ ಅದೇ ಅಚ್ಚುಗಳಲ್ಲಿ ಹೊಯ್ಯಬಹುದು, ವಿಷದ ಭಯ ಬಹಳ ಕಡಿಮೆ. ಸೀಸಕ್ಕಿಂತ ಭಾರವಾದ ಟಂಗ್‌ಸ್ಟನ್ ಜಿಗ್ ಅಂಗಡಿಯಲ್ಲಿ ಕೊಳ್ಳಬೇಕು. ಅದು ಕರಗುವುದು 3,422 ಡಿಗ್ರಿಗೆ, ಮನೆಯಲ್ಲಿ ಸಾಧ್ಯವೇ ಇಲ್ಲ. ರೆಡಿಮೇಡ್ ಗುಂಡು ತಂದು ಬಣ್ಣ ಹಚ್ಚಿ, ರೋಮ ಕಟ್ಟುವುದರಲ್ಲೂ ಕೈಕೆಲಸದ ಖುಷಿ ಇದ್ದೇ ಇದೆ.

ಸೀಸವನ್ನೇ ಹೊಯ್ಯುವವರು ಕನಿಷ್ಠ ಇಷ್ಟನ್ನಾದರೂ ಪಾಲಿಸಬೇಕು:

- ಮನೆಯ ಹೊರಗೆ, ಗಾಳಿಯಾಡುವ ಕಡೆ ಮಾತ್ರ. ಅಡುಗೆಮನೆಯಲ್ಲಿ ಎಂದೂ ಬೇಡ.
- ಆ ಪಾತ್ರೆ, ಸೌಟು, ಬಣ್ಣ ಗಟ್ಟಿಯಾಗಿಸುವ ಓವನ್ ಮತ್ತೆ ಊಟಕ್ಕೆ ಬಳಸಬಾರದು.
- ಮಕ್ಕಳು, ಗರ್ಭಿಣಿಯರು ಹತ್ತಿರ ಇರಬಾರದು.
- ಕಣ್ಣಿಗೆ ಕನ್ನಡಕ, ಕೈಗೆ ದಪ್ಪ ಗ್ಲೌಸ್, ಸೀಸದ ಹೊಗೆ ಧೂಳು ತಡೆಯುವ ಫಿಲ್ಟರ್ ಇರುವ ಮಾಸ್ಕ್ ಇರಲಿ.
- ಪೊರಕೆಯಲ್ಲಿ ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಬಟ್ಟೆ ಬೇರೆಯಾಗಿ ಒಗೆಯಿರಿ.
- ಸೀಸದ ಗುಂಡನ್ನು ಹಲ್ಲಿನಿಂದ ಕಚ್ಚಿ ದಾರಕ್ಕೆ ಒತ್ತುವ ಅಭ್ಯಾಸ ಬಿಡಿ.

"ಈಜು ಬರುತ್ತದೆ, ಭಯವೇನು?"

ಈ ಲೇಖನದಲ್ಲಿ ಒಂದನ್ನು ಮಾತ್ರ ಫಾರ್ವರ್ಡ್ ಮಾಡುವುದಾದರೆ ಈ ಭಾಗವನ್ನು ಮಾಡಿ.

ಊರಿನ ಬಾವಿಯಲ್ಲೋ ಕೆರೆಯಲ್ಲೋ ಈಜು ಕಲಿತವರಿಗೆ ಪರಿಚಯವಿರುವುದು 25 ಡಿಗ್ರಿ ಆಸುಪಾಸಿನ ನೀರು. ಟೆನ್ನೆಸಿ, ಮಿಸೌರಿಯ ಜಲಾಶಯಗಳಲ್ಲಿ ಮಾರ್ಚ್ ತಿಂಗಳ ಬಿಸಿಲಿನ ದಿನ ಗಾಳಿ ಹಿತವಾಗಿ ಬೆಚ್ಚಗಿರಬಹುದು, ನೀರು ಮಾತ್ರ ಇನ್ನೂ 10 ಡಿಗ್ರಿಯಲ್ಲೇ ಇರಬಹುದು. ಸ್ವೆಟರ್ ತೆಗೆದು ಕೂರುವಂಥ ಆ ಹವೆಯೇ ಜನರನ್ನು ಮೈಮರೆಸುತ್ತದೆ.

ತಣ್ಣೀರಿಗೆ ಬಿದ್ದಾಗ ಏನಾಗುತ್ತದೆ ಎಂಬುದನ್ನು ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ವಿಜ್ಞಾನಿ ಗಾರ್ಡನ್ ಗೀಸ್‌ಬ್ರೆಕ್ಟ್ ಅವರು "1-10-1" ಎಂಬ ಸೂತ್ರದಲ್ಲಿ ನೆನಪಿಡುವಂತೆ ಹೇಳಿದ್ದಾರೆ.

- 1 ನಿಮಿಷ: ಬಿದ್ದ ಕೂಡಲೇ ತಡೆಯಲಾಗದ ಏದುಸಿರು. ಆ ಕ್ಷಣ ತಲೆ ನೀರಿನೊಳಗಿದ್ದರೆ ನೀರೇ ಶ್ವಾಸಕೋಶಕ್ಕೆ ಹೋಗುತ್ತದೆ. ಈ ನಿಮಿಷದಲ್ಲಿ ಮಾಡಬೇಕಾದ್ದು ಒಂದೇ, ತೇಲುತ್ತಾ ಉಸಿರು ಹತೋಟಿಗೆ ತರುವುದು.
- 10 ನಿಮಿಷ: ಕೈಕಾಲು ಹಿಡಿತದಲ್ಲಿರುವ ಸಮಯ. ಆಮೇಲೆ ಬೆರಳು ಮಡಚುವುದಿಲ್ಲ, ತೋಳು ಬೀಸಲಾಗದು. ಒಳ್ಳೆಯ ಈಜುಗಾರನೂ ಮುಳುಗುವುದು ಇಲ್ಲೇ.
- 1 ಗಂಟೆ: ದೇಹದ ಒಳಗಿನ ಉಷ್ಣತೆ ಇಳಿದು ಪ್ರಜ್ಞೆ ತಪ್ಪುವವರೆಗಿನ ಸುಮಾರು ಅವಧಿ.

"ಚಳಿಗೆ ದೇಹ ತಣ್ಣಗಾಗಿ ಸಾಯುತ್ತಾರೆ" ಎಂದು ನಾವು ಭಾವಿಸುತ್ತೇವೆ. ಲೈಫ್ ಜಾಕೆಟ್ ಇಲ್ಲದ ಅನೇಕರು ಅಷ್ಟು ಹೊತ್ತು ಉಳಿಯುವುದೇ ಇಲ್ಲ, ಮೊದಲ ಕೆಲವು ನಿಮಿಷಗಳಲ್ಲೇ ಮುಳುಗುತ್ತಾರೆ. ಜಾಕೆಟ್ ಇದ್ದರೆ ಏದುಸಿರಿನ ನಿಮಿಷದಲ್ಲಿ ತಲೆ ಮೇಲಿರುತ್ತದೆ, ಕೈ ಸೋತ ಮೇಲೂ ದೇಹ ತೇಲುತ್ತದೆ. ಆಗ ಆ ಒಂದು ಗಂಟೆ ನಿಮ್ಮದಾಗುತ್ತದೆ. ಅಮೆರಿಕದ ಕರಾವಳಿ ರಕ್ಷಣಾ ಪಡೆಯ ವಾರ್ಷಿಕ ಅಂಕಿಅಂಶಗಳ ಪ್ರಕಾರ ಹವ್ಯಾಸಿ ದೋಣಿ ದುರಂತಗಳ ಸಾವುಗಳಲ್ಲಿ ಸುಮಾರು ಮುಕ್ಕಾಲು ಪಾಲು ಮುಳುಗಿ ಆದವು. ಹಾಗೆ ಮುಳುಗಿದವರಲ್ಲಿ ಶೇಕಡಾ 80ಕ್ಕೂ ಹೆಚ್ಚು ಮಂದಿ ಲೈಫ್ ಜಾಕೆಟ್ ಹಾಕಿರಲಿಲ್ಲ. ದೋಣಿಯ ಪೆಟ್ಟಿಗೆಯಲ್ಲಿಟ್ಟ ಜಾಕೆಟ್ ಬಿದ್ದವನ ಪ್ರಯೋಜನಕ್ಕೆ ಬಾರದು. ನ್ಯೂಯಾರ್ಕ್ ರಾಜ್ಯದಲ್ಲಿ ನವೆಂಬರ್ 1ರಿಂದ ಮೇ 1ರವರೆಗೆ 21 ಅಡಿಗಿಂತ ಚಿಕ್ಕ ದೋಣಿಯಲ್ಲಿರುವ ಪ್ರತಿಯೊಬ್ಬರೂ ಅದನ್ನು ಧರಿಸಿರಲೇಬೇಕು.

*"ಒಂದು ಪೆಗ್ ಹಾಕಿದರೆ ಮೈ ಬೆಚ್ಚಗಾಗುತ್ತದೆ."* ಬೆಚ್ಚಗಾದಂತೆ ಅನ್ನಿಸುತ್ತದೆ ಅಷ್ಟೆ. ಮದ್ಯ ಚರ್ಮದ ರಕ್ತನಾಳಗಳನ್ನು ಅಗಲಿಸುತ್ತದೆ, ಬಿಸಿ ರಕ್ತ ಚರ್ಮಕ್ಕೆ ಬಂದು ಒಳಗಿನ ಶಾಖ ಹೊರಗೆ ಹೋಗುತ್ತದೆ. ದೇಹದ ಒಳಭಾಗ ಇನ್ನಷ್ಟು ಬೇಗ ತಣ್ಣಗಾಗುತ್ತದೆ. ಜೊತೆಗೆ ತೋಲನವೂ ತಪ್ಪುತ್ತದೆ, ನೀರಿಗೆ ಬೀಳುವ ಸಾಧ್ಯತೆಯೇ ಹೆಚ್ಚುತ್ತದೆ.

ಬಿದ್ದವರನ್ನು ಮೇಲೆತ್ತಿದ ಮೇಲೆ ಒದ್ದೆ ಬಟ್ಟೆ ತೆಗೆದು, ಒಣ ಕಂಬಳಿ ಹೊದಿಸಿ, ಮಲಗಿಸಿಯೇ ಇಡಬೇಕು. ಕೈಕಾಲು ತಿಕ್ಕಬಾರದು, ಮದ್ಯ ಕೊಡಬಾರದು, ನಡೆಸಬಾರದು. ತಕ್ಷಣ ತುರ್ತು ಸೇವೆಗೆ ಕರೆ ಮಾಡಬೇಕು.

ದೋಣಿಯ ಆರೈಕೆಯೂ ಇಲ್ಲಿಗೇ ಬಂದು ಸೇರುತ್ತದೆ. ಜುಲೈನಲ್ಲಿ ಕೆರೆ ಮಧ್ಯೆ ಎಂಜಿನ್ ನಿಂತರೆ ಅದು ತಮಾಷೆಯ ಕಥೆಯಾಗುತ್ತದೆ. ಜನವರಿಯಲ್ಲಿ, ದಡದಲ್ಲಿ ಬೇರೆ ಯಾರೂ ಇಲ್ಲದಾಗ, ಕತ್ತಲಾಗುವ ಹೊತ್ತಿಗೆ ನಿಂತರೆ ಅದು ಬೇರೆಯೇ ಪರಿಸ್ಥಿತಿ. ಚಾರ್ಜ್ ಇಲ್ಲದ ಬ್ಯಾಟರಿ, ನೀರು ಸೇರಿದ ಪೆಟ್ರೋಲ್, ಹಾಕಲು ಮರೆತ ತಳದ ಬಿರಡೆ ಎಲ್ಲವೂ ಚಳಿಗಾಲದಲ್ಲಿ ಪ್ರಾಣಕ್ಕೆ ಸಂಬಂಧಿಸಿದ ವಿಷಯಗಳು. ಚಾಲಕ ನೀರಿಗೆ ಬಿದ್ದರೆ ಎಂಜಿನ್ ತಾನಾಗಿ ನಿಲ್ಲುವಂತೆ ಅವನ ಮೈಗೆ ಕಟ್ಟಿಕೊಳ್ಳುವ ಸ್ವಿಚ್ಚಿನ ಬಳ್ಳಿಯನ್ನು 26 ಅಡಿಗಿಂತ ಚಿಕ್ಕ ದೋಣಿಗಳಲ್ಲಿ ಬಳಸುವುದು ಏಪ್ರಿಲ್ 2021ರಿಂದ ಅಮೆರಿಕದ ಕೇಂದ್ರ ಕಾನೂನು. ದೋಣಿಯೇ ದೂರ ಓಡಿಹೋದರೆ 10 ನಿಮಿಷದಲ್ಲಿ ಅದನ್ನು ಈಜಿ ಹಿಡಿಯಲಾಗದು.

ಫಾರ್ವರ್ಡ್ ಮಾಡುವ ಮುನ್ನ

ಹಳಬರ ಮಾತೆಲ್ಲ ಸುಳ್ಳಲ್ಲ. ಚಳಿಯಲ್ಲಿ ನಿಧಾನವಾಗಿ ಆಡಿಸು, ಆಳಕ್ಕೆ ಇಳಿಸು, ರೋಮದ ಜಿಗ್ ಕಟ್ಟು ಎಂಬುದು ಅವರು ಕಣ್ಣಾರೆ ಕಂಡು ಕಲಿತದ್ದು, ವಿಜ್ಞಾನವೂ ಅದಕ್ಕೆ ಒಪ್ಪುತ್ತದೆ. ಅವರು ಪ್ರತಿ ವಾರ ಮೀನು ಸಿಕ್ಕಿತೋ ಇಲ್ಲವೋ ಎಂದು ಅದನ್ನು ಪರೀಕ್ಷಿಸುತ್ತಿದ್ದರು. ಸೀಸದ ಹಾನಿ ಹಾಗೆ ಕಣ್ಣಿಗೆ ಕಾಣುವಂಥದ್ದಲ್ಲ, ಅದು ಗೊತ್ತಾಗುವಷ್ಟರಲ್ಲಿ ವರ್ಷಗಳೇ ಕಳೆದಿರುತ್ತವೆ. ತಣ್ಣೀರಿಗೆ ಬಿದ್ದು ಮುಳುಗಿದವನು ಮರಳಿ ಬಂದು ತನ್ನ ಅನುಭವ ಹೇಳುವುದಿಲ್ಲ. "ನಾನು ಮೂವತ್ತು ವರ್ಷದಿಂದ ಹೀಗೇ ಮಾಡುತ್ತಿದ್ದೇನೆ, ಏನೂ ಆಗಿಲ್ಲ" ಎಂಬ ಮಾತು ಈ ಎರಡು ವಿಷಯಗಳಲ್ಲಿ ಪುರಾವೆಯಾಗದಿರುವುದು ಇದಕ್ಕೇ.

ಆದ್ದರಿಂದ ಮುಂದಿನ ಸಲ ಇಂಥ ಸಲಹೆ ಬಂದಾಗ, ಇದು ಸುಳ್ಳಾದರೆ ಏನು ಹೋಗುತ್ತದೆ ಎಂದು ಒಮ್ಮೆ ಕೇಳಿಕೊಳ್ಳಿ. ಹೋಗುವುದು ಒಂದು ಭಾನುವಾರ ಮಾತ್ರವಾದರೆ ಧಾರಾಳವಾಗಿ ಪ್ರಯತ್ನಿಸಿ. ಮಗುವಿನ ಆರೋಗ್ಯವೋ ಪ್ರಾಣವೋ ಆದರೆ ಬಲ್ಲವರನ್ನು ಕೇಳದೆ ಮುಂದೆ ಕಳಿಸಬೇಡಿ. ಅಮೆರಿಕದಲ್ಲಿರುವ ಮಗನೋ ಅಳಿಯನೋ ಈ ಚಳಿಗಾಲದಲ್ಲಿ ಮೀನು ಹಿಡಿಯಲು ಹೊರಟಿದ್ದಾನೆ ಎಂದು ಗ್ರೂಪಿನಲ್ಲಿ ಫೋಟೊ ಹಾಕಿದರೆ, ಮೀನು ಎಷ್ಟು ದೊಡ್ಡದು ಎಂದು ಕೇಳುವ ಮೊದಲು ಲೈಫ್ ಜಾಕೆಟ್ ಹಾಕಿಕೊಂಡಿದ್ದೀಯಾ ಎಂದು ಕೇಳಿ.